ಹಾಜರಿ ಪುಸ್ತಕ

ಕಬ್ಬನ್‌ಪೇಟೆಯಲ್ಲಿ, ಮಗ್ಗದ ಸದ್ದಿಗೆ
ಗೋಡೆಯ ಸುಣ್ಣ ಉದುರುವ ಗಲ್ಲಿಯ ತುದಿಗೆ
ನಮ್ಮ ಗರಡಿ. ಬಾಗಿಲು ಎದೆಮಟ್ಟ.
ಬಗ್ಗದವನ ಹಣೆಗೆ ಚೌಕಟ್ಟೇ ಪಾಠ ಹೇಳುತ್ತೆ
ಎನ್ನುತ್ತಿದ್ದರು ಉಸ್ತಾದ್ ಮರಿಯಣ್ಣ.

ಒಂದೇ ಅಮಾವಾಸ್ಯೆಯ ಮರುದಿನ ಸೇರಿದವರು ನಾವು ನಾಲ್ವರು:
ಜರಿ ಸುತ್ತುವ ದಸ್ತಗೀರ್,
ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವ ಆರೋಗ್ಯಸ್ವಾಮಿ,
ಮಗ್ಗದ ಮನೆಯ ಚಿಕ್ಕಪಿಳ್ಳಪ್ಪ,
ಸೊಪ್ಪಿನ ತೋಟದಿಂದ ಬಂದ ನಾನು, ಸೊಣ್ಣಪ್ಪ.
ಕೆಮ್ಮಣ್ಣಿಗೆ ಮಜ್ಜಿಗೆ, ಅರಿಶಿನ, ಎಳ್ಳೆಣ್ಣೆ, ನಿಂಬೆ.
ಹದ ಮಾಡುವುದು ಕಲಿತದ್ದು ಅಲ್ಲಿ.
ಬೀಳುವುದು ಕಲಿತದ್ದೂ ಅಲ್ಲೇ.
ಒಂದೇ ಮಣ್ಣು ನಾಲ್ಕು ಬೆನ್ನಿಗೆ ಹತ್ತಿದ ಮೇಲೆ
ಯಾರ ಬೆವರು ಯಾರದೆಂದು ಕೇಳುವವರಾರು?

ಹಲಸೂರು ಕೆರೆಯ ಬಳಿ ಸ್ಯಾಪರ್ ಭರ್ತಿ.
ಎದೆಯ ಸುತ್ತಳತೆ ತೆಗೆದ ಹವಾಲ್ದಾರ
ಟೇಪನ್ನು ಎರಡು ಸಲ ನೋಡಿದ.
"ಯಾವ ಗರಡಿ?" ಎಂದ. ಊರು ಕೇಳಲಿಲ್ಲ.
ಆ ರಾತ್ರಿ ಉಸ್ತಾದರು ನನ್ನನ್ನು ಹರಸಲಿಲ್ಲ.
ಹಾಜರಿ ಪುಸ್ತಕ ತೆರೆದು
ನನ್ನ ಹೆಸರಿನ ಮುಂದೆ ಬರೆದರು: ರಜೆ.
ಹೆಸರು ಹೊಡೆದು ಹಾಕಿ ಅಂದೆ.
"ದಂಡಿಗೆ ಹೋದವನು ಬಿಟ್ಟು ಹೋದವನಲ್ಲ" ಎಂದು
ಪುಸ್ತಕ ಮುಚ್ಚಿ, ನನ್ನ ಕೈಗೇ ಪೊರಕೆ ಕೊಟ್ಟರು.

ಇಪ್ಪತ್ತೆಂಟು ವರ್ಷ.
ಸೇತುವೆ ಕಟ್ಟಿದೆ, ಕಟ್ಟಿದ್ದನ್ನು ಬಿಚ್ಚಿದೆ.
ಮೊಣಕೈ ಊರಿ, ನೆಲಕ್ಕೆ ಕೆನ್ನೆ ಕೊಟ್ಟು
ಹೂತಿಟ್ಟ ಸಿಡಿಗುಂಡು ಹುಡುಕಿದೆ.
ಯಾವುದು ತಾನಾಗಿ ಸಡಿಲಾದ ಮಣ್ಣು,
ಯಾವುದು ಯಾರೋ ಮುಟ್ಟಿ ಮುಚ್ಚಿದ್ದು,
ಬೆರಳಿಗೆ ಮೊದಲೇ ಗೊತ್ತಿತ್ತು.
ಲಡಾಖಿನ ಚಳಿ ಎಡಗಾಲಿನ ಎರಡು ಬೆರಳು ಇಟ್ಟುಕೊಂಡಿತು.
ದಳದಲ್ಲೂ ಅಣ್ಣತಮ್ಮಂದಿರಿದ್ದರು, ಇಲ್ಲವೆನ್ನಲಾರೆ,
ಒಂದೇ ತಟ್ಟೆಗೆ ಕೈಯಿಟ್ಟವರು.
ಕೆಲವರ ಹೆಸರು ಈಗ ಕಲ್ಲಿನ ಮೇಲಿದೆ.
ಅಲ್ಲಿ ನಿಂತು ಸೆಲ್ಯೂಟ್ ಹೊಡೆಯಬಹುದು, ಬೈಯಲಾಗದು.

ರಜೆ ಸಿಕ್ಕರೆ ಸಿಟಿ ಸ್ಟೇಷನ್ನಿನಿಂದ ಟ್ರಂಕು ಹೊತ್ತು
ಮೊದಲು ಗರಡಿಗೆ, ಆಮೇಲೆ ಮನೆಗೆ.
ಹೆಂಡತಿ ಅದನ್ನಿನ್ನೂ ಮರೆತಿಲ್ಲ.
ಅಲ್ಲಿ ರಜೆ ಎಂದರೆ ಇಲ್ಲಿ ಹಾಜರ್,
ಇಲ್ಲಿ ರಜೆ ಎಂದರೆ ಅಲ್ಲಿ ಹಾಜರ್.
ಎರಡೂ ಕಡೆ ಒಟ್ಟಿಗೆ ಇದ್ದ ದಿನ ಒಂದೂ ಇಲ್ಲ.

ಪೆನ್ಷನ್ ಕಾಗದ ಹಿಡಿದು ಬಂದ ವಾರ
ಅಟ್ಟದಿಂದ ಪುಸ್ತಕಗಳನ್ನು ಇಳಿಸಿದೆ.
ಇಲಿ ತಿಂದದ್ದು ಬಿಟ್ಟು ಪ್ರತಿ ಪುಟದಲ್ಲೂ ನಾನು: ರಜೆ, ರಜೆ.
ಮೊದಲು ಉಸ್ತಾದರ ಮೋಡಿ ಅಕ್ಷರ.
ಅವರು ಹೋದ ಮೇಲೆ ದಸ್ತಗೀರನ ಬಲಕ್ಕೆ ವಾಲಿದ ಕನ್ನಡ,
ಪ್ರೆಸ್ಸಿನಿಂದ ಎತ್ತಿದ ಹಸಿರು ಶಾಯಿಯಲ್ಲಿ ಆರೋಗ್ಯಸ್ವಾಮಿ.
ವಂತಿಗೆಯನ್ನೂ ಕಟ್ಟಿದ್ದಾರೆ ನನ್ನ ಹೆಸರಿಗೆ,
ಎಂಟಾಣೆಯಿಂದ ಹತ್ತು ರೂಪಾಯಿವರೆಗೆ.
ಒಂದು ಬೇಸಿಗೆ, ನಲವತ್ತು ದಿನ ನನ್ನಿಂದ ಕಾಗದ ಬಾರದಿದ್ದಾಗ,
ಚಿಕ್ಕಪಿಳ್ಳಪ್ಪ ರಜೆ ಎಂದು
ಒತ್ತಿ ಒತ್ತಿ ಬರೆದು ಪುಟ ಹರಿದಿದ್ದಾನೆ.
ಆಮೇಲೆ ತಾನೇ ಮಗ್ಗದ ಗಂಜಿ ಹಚ್ಚಿ ಅಂಟಿಸಿದ್ದಾನೆ.
ನನಗೆ ಎಂದೂ ಹೇಳಿರಲಿಲ್ಲ.
ಕೇಳೋಣವೆಂದರೆ, ನಾನು ಬರುವ ಎರಡು ತಿಂಗಳ ಮುಂಚೆ
ಮಗ್ಗದ ಮುಂದೆ ಕೂತಲ್ಲೇ ಒರಗಿದ್ದ.

ಹೋದ ವರ್ಷ ಆರೋಗ್ಯಸ್ವಾಮಿಯೂ.
ಈಗ ದಸ್ತಗೀರ್ ಮತ್ತು ನಾನು.
ಪಕ್ಕದ ವೈರಿನ ಅಂಗಡಿಯವನು ಗೋಡೌನಿಗೆ ಕೇಳುತ್ತಾನೆ,
ಬಾಡಿಗೆಯನ್ನು ಚೆನ್ನಾಗಿಯೇ ಹೇಳಿದ್ದಾನೆ.
ಬೆಳಗಿನ ಐದಕ್ಕೆ ಮಣ್ಣು ಅಗೆಯುತ್ತೇವೆ,
ನಾಲ್ಕು ಸಲ ಗುದ್ದಲಿ ಎತ್ತಿ, ಹತ್ತು ನಿಮಿಷ ಕೂತು.
ಕುಸ್ತಿ ಎಲ್ಲಿಯದು!
ಒಬ್ಬರ ಮುಂಗೈ ಇನ್ನೊಬ್ಬರು ಹಿಡಿದು ನಿಲ್ಲುತ್ತೇವೆ.
ಬೀಳದಿರಲು ಹಿಡಿದದ್ದನ್ನೂ ಪಟ್ಟು ಅನ್ನುತ್ತೇವೆ.

ಆಮೇಲೆ ಪುಸ್ತಕ. ದಸ್ತಗೀರನ ಕಣ್ಣಿಗೆ ಪೊರೆ,
ಬರೆಯುವುದು ನಾನೇ.
ಆರೋಗ್ಯಸ್ವಾಮಿ, ರಜೆ.
ಚಿಕ್ಕಪಿಳ್ಳಪ್ಪ, ರಜೆ.
"ಅವರ ವಂತಿಗೆ?" ಎನ್ನುತ್ತಾನೆ ದಸ್ತಗೀರ್.
ಜೇಬಿಗೆ ಕೈ ಹಾಕುತ್ತೇನೆ, ಚಿಲ್ಲರೆ ಇಲ್ಲ.
ಅವನ ಹತ್ತಿರವೂ ಇಲ್ಲ.
ನಾಳೆ ಕೊಟ್ಟರಾಯಿತು.